ಇ-ಸ್ವತ್ತು: ಬೆಂಗಳೂರು ಹೊರವಲಯದ ಪಂಚಾಯಿತಿ ಖಾತೆ ಸೇವೆ

ಕೈಬರಹದ ಖಾತೆ ಪುಸ್ತಕಕ್ಕಿಂತ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ಖಾತೆ ವ್ಯವಸ್ಥೆ ಇ-ಸ್ವತ್ತು ಎಷ್ಟೋ ವಾಸಿ. ಡಿಜಿಟಲ್ ಸಹಿ ಇಲ್ಲದೆ ನಮೂನೆ (ಖಾತೆಯ ಅಧಿಕೃತ ಪ್ರತಿ) ಹೊರಬರುವುದಿಲ್ಲ. ಒಂದೇ ಸೈಟಿಗೆ ಎರಡು ಖಾತೆ ಹುಟ್ಟಿಸುವುದೂ ಮೊದಲಿನಷ್ಟು ಸುಲಭವಲ್ಲ.

ಗ್ರಾಮಠಾಣಾ (ಊರಿನ ಮೂಲ ವಸತಿ ಜಾಗ) ಸ್ವತ್ತಿಗೆ, ಭೂಪರಿವರ್ತನೆಯಾಗಿ ನಕ್ಷೆ ಅನುಮೋದನೆ ಪಡೆದ ಬಡಾವಣೆ ಸೈಟಿಗೆ ನಮೂನೆ 9 ಮತ್ತು 11ಎ. ಉಳಿದವಕ್ಕೆ 11ಬಿ. ಬ್ರೋಕರ್‌ಗಳು 'ಎಲ್ಲಾ ಒಂದೇ ಸಾರ್' ಅಂತಾರೆ. ಖಂಡಿತ ಅಲ್ಲ, ಸಾಲಕ್ಕೆ ಹೋದಾಗ ಗೊತ್ತಾಗುತ್ತದೆ.

ಕೆಲಸ ಕುಂಟುವುದು ಅಳತೆಯಲ್ಲಿ. ಗ್ರಾಮಠಾಣಾ ಮನೆಗೆ ಸರ್ವೆ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಮೋಜಿಣಿ ಮೂಲಕ ಸರ್ವೆ ನಕ್ಷೆ ಬರಬೇಕು. ಅದರ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಕ್ರಯಪತ್ರಕ್ಕೆ ತಾಳೆಯಾಗಬೇಕು. ಪತ್ರದಲ್ಲಿ ಪೂರ್ವಕ್ಕೆ 'ರಸ್ತೆ', ನಕ್ಷೆಯಲ್ಲಿ 'ಖಾಲಿ ಜಾಗ' ಎಂದಿದ್ದರೂ ತಕರಾರು ಶುರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಕೊಂಡೇ ಅರ್ಜಿ ಹಾಕಿ. ಕಂದಾಯ ಬಾಕಿ ಮೊದಲೇ ತೀರಿಸಿ, ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ.

ಇನ್ನೊಂದು ತೊಡಕು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗಾವಣೆ. ಹೊಸಬರ ಡಿಜಿಟಲ್ ಸಹಿ ನೋಂದಣಿಯಾಗುವವರೆಗೆ ಫೈಲು ಮಿಸುಕಾಡುವುದಿಲ್ಲ. ಜನ ಬೈಯುವುದು ಮಾತ್ರ ಗೆದ್ದ ಸದಸ್ಯರನ್ನು! ಬಾಕಿ ಅರ್ಜಿಗಳ ಪಟ್ಟಿಯನ್ನು, ತಡದ ಕಾರಣ ಸಮೇತ, ಗ್ರಾಮಸಭೆಯಲ್ಲಿ ಓದುವುದು ಕಡ್ಡಾಯವಾಗಲಿ. ಅಲ್ಲಿಯವರೆಗೆ ಈ ಸೇವೆಗೆ ನನ್ನಿಂದ ಐದಕ್ಕೆ ಮೂರು ಅಂಕ.