‘ಟೆಸ್ಟ್‌ನಲ್ಲಿ ಬರಲ್ಲ’ ಅಂತ ಕೊಟ್ಟ 2,650 ರೂಪಾಯಿ ಡಬ್ಬ

ಐದರಲ್ಲಿ ಒಂದು ಸ್ಟಾರ್ ಕೊಡುತ್ತಿದ್ದೇನೆ. ಆ ಒಂದು ಯಾವುದಕ್ಕೆ ಅಂತ ಕೊನೆಗೆ ಹೇಳುತ್ತೇನೆ.

ಡಬ್ಬದ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬರೆಯುವುದಿಲ್ಲ. ಇಂಥವು ಹತ್ತಾರಿವೆ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಒಳ್ಳೆಯವು ಅಂದುಕೊಂಡುಬಿಡುತ್ತೀರಿ. ಕಪ್ಪು ಡಬ್ಬ, ಮೇಲೆ ಕೆಂಪು ಮಿಂಚಿನ ಚಿತ್ರ, 300 ಗ್ರಾಂ, ಕಲ್ಲಂಗಡಿ ರುಚಿ. ಓಡುವ ಅರ್ಧ ಗಂಟೆ ಮುಂಚೆ ನೀರಿಗೆ ಹಾಕಿ ಕುಡಿಯುವ ಪ್ರೀ-ವರ್ಕೌಟ್ ಪುಡಿ.

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಇಟ್ಟು 19 ವರ್ಷ ಆಯಿತು. ವಯಸ್ಸು 46. ದಿನಾ ಬೆಳಿಗ್ಗೆ ಓಡುತ್ತೇನೆ, ಭಾನುವಾರ ಗಾಜನೂರು ರಸ್ತೆಯಲ್ಲಿ ಸ್ವಲ್ಪ ಜಾಸ್ತಿ. ನನ್ನನ್ನು ಯಾರೂ ಡೋಪ್ ಟೆಸ್ಟ್ ಮಾಡುವುದಿಲ್ಲ. ನಾನು ಜೋರಾಗಿ ಓಡುವುದು ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ. ಡಬ್ಬ ತಂದವಳು ನನ್ನ ಅಣ್ಣನ ಮಗಳು. ಅವಳದು 5,000 ಮೀಟರ್. ಕಾಲೇಜಿನಿಂದ ಕುವೆಂಪು ವಿ.ವಿ. ಕೂಟಕ್ಕೆ ಹೋಗುತ್ತಾಳೆ, ಅಲ್ಲಿ ಗೆದ್ದರೆ ಅಂತರ ವಿ.ವಿ. ಕೂಟ. ಆ ಮಟ್ಟಕ್ಕೆ ಹೋದರೆ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದವರು ಬಂದು ಮೂತ್ರದ ಸ್ಯಾಂಪಲ್ ಕೇಳಬಹುದು.

ಮೊದಲು ಅಂಗಡಿಯ ವಿಷಯ. ಒಳಗೆ ಎಸಿ, ಗೋಡೆ ತುಂಬ ಕನ್ನಡಿ. ಹುಡುಗ ಬಲು ಮರ್ಯಾದೆಯವನು, ಕೂರಿಸಿ ನೀರು ಕೊಟ್ಟನಂತೆ. ಇವಳು ಓಟಗಾರ್ತಿ ಅಂದ ಕೂಡಲೇ ಅವನು ಹೇಳಿದ ಮೊದಲ ಮಾತು, ‘ಟೆನ್ಷನ್ ಬೇಡ ಮೇಡಂ, ಇದು ಟೆಸ್ಟ್‌ನಲ್ಲಿ ಬರಲ್ಲ. ಫುಲ್ ನ್ಯಾಚುರಲ್.’ ಇವಳು ಅದನ್ನು ನಂಬಿ ಖುಷಿಯಿಂದ ನನ್ನ ಹತ್ತಿರ ಹೇಳಿದಳು. ಗಾಂಧಿ ಬಜಾರಿನಲ್ಲಿ ಪುಟ್ಟಬಾಳೆ ಮಾರುವವರು ಯಾವತ್ತಾದರೂ ‘ಟೆಸ್ಟ್‌ನಲ್ಲಿ ಬರಲ್ಲ’ ಅಂತ ಹೇಳಿದ್ದಾರಾ ಮಾರಾಯ್ತಿ, ಅಂದೆ. ಮುಖ ಸಣ್ಣ ಮಾಡಿಕೊಂಡಳು.

ಬಿಲ್ ಕೈಬರಹದ್ದು. ‘ಪೌಡರ್ 1’ ಅಂತ ಅಷ್ಟೇ. ಬ್ಯಾಚ್ ನಂಬರ್ ಇಲ್ಲ. ನಾನು ಹತ್ತು ರೂಪಾಯಿಯ ಮಾತ್ರೆ ಕೊಟ್ಟರೂ ಬ್ಯಾಚ್ ಬರೆಯುತ್ತೇನೆ.

ಇನ್ನು ಪುಡಿ. ಅದನ್ನು ನಾನೇ ಎರಡು ಭಾನುವಾರ ಕುಡಿದು ನೋಡಿದೆ. ಬೆಳಗಿನ ಜಾವ ಕನ್ನಡಕ ಹುಡುಕದೆ, ಹಿಂದಿನ ಸಣ್ಣ ಅಕ್ಷರ ಓದದೆ ಕುಡಿದೆ. ಔಷಧಿ ಅಂಗಡಿಯವಳು ಹೀಗೆ ಮಾಡಬಾರದಿತ್ತು, ಒಪ್ಪುತ್ತೇನೆ. ರುಚಿ ಮಕ್ಕಳ ಕೆಮ್ಮಿನ ಸಿರಪ್ಪಿನದು. ಹತ್ತು ನಿಮಿಷಕ್ಕೆ ಕಿವಿ, ಕೆನ್ನೆ ಜುಮ್ ಅನ್ನಲು ಶುರುವಾಯಿತು. ಅದು ಇಂಥ ಪುಡಿಗಳಿಗೆ ಹಾಕುವ ಬೀಟಾ ಅಲನಿನ್ ಎಂಬ ಅಮೈನೋ ಆಮ್ಲದ ಕೆಲಸ, ಹೆದರುವಂಥದ್ದಲ್ಲ. ‘ಪುಡಿ ಕೆಲಸ ಮಾಡ್ತಿದೆ’ ಅಂತ ಅನ್ನಿಸಲು ಅದು ಚೆನ್ನಾಗಿದೆ. ಆದರೆ ಅದನ್ನು ವಾರಗಟ್ಟಲೆ ದಿನಾ ತೆಗೆದುಕೊಂಡರೆ ಮಾತ್ರ ಏನಾದರೂ ಫಲ. ಅದೂ ಒಂದರಿಂದ ನಾಲ್ಕು ನಿಮಿಷ ಜೀವ ಬಿಟ್ಟು ಓಡುವವರಿಗೆ. ಎರಡು ಗಂಟೆ ಓಡುವ ನನಗೆ ಅದು ಬರೀ ತುರಿಕೆ.

ಗಾಜನೂರು ಮುಟ್ಟುವ ಹೊತ್ತಿಗೆ ಎದೆ ಡವಡವ. ಅದೇ ವೇಗಕ್ಕೆ ವಾಚಿನಲ್ಲಿ 148 ಇರುತ್ತಿದ್ದ ಬಡಿತ 163 ತೋರಿಸುತ್ತಿತ್ತು. ವೇಗ ಮಾತ್ರ ಒಂದು ಸೆಕೆಂಡೂ ಏರಲಿಲ್ಲ. ಹೊಟ್ಟೆ ಬೇರೆ ಕೈಕೊಟ್ಟಿತು. ಎರಡನೇ ಭಾನುವಾರವೂ ಇದೇ ಕಥೆ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಕೂತೆ. ಒಂದು ಸ್ಕೂಪಿನಲ್ಲಿ ಕೆಫೀನ್ 200 ಮಿಲಿಗ್ರಾಂ. ಅಂದರೆ ಹೆಚ್ಚುಕಮ್ಮಿ ಎರಡು ಲೋಟ ಸ್ಟ್ರಾಂಗ್ ಕಾಫಿ. ಕೆಫೀನ್‌ಗೆ ಅಡ್ಡಿ ಇಲ್ಲ, 2004ರಲ್ಲೇ ನಿಷೇಧದ ಪಟ್ಟಿಯಿಂದ ತೆಗೆದಿದ್ದಾರೆ. ಅದರ ಕೆಳಗೆ ‘ವಿಶೇಷ ಮಿಶ್ರಣ 1.5 ಗ್ರಾಂ’ ಅಂತಿತ್ತು, ಅದರಲ್ಲಿ ಏನೇನಿದೆ ಅನ್ನುವ ಸಾಲಿನ ಮೇಲೆಯೇ ಆಮದುದಾರರ ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ಬೇಕೆಂದೇ ಅಂಟಿಸಿದರೋ, ಜಾಗ ಸಿಕ್ಕಲ್ಲಿ ಅಂಟಿಸಿದರೋ. ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಉಗುರಿನಲ್ಲಿ ನಿಧಾನಕ್ಕೆ ಕಿತ್ತೆ. ಕೆಳಗೆ ನಾಲ್ಕು ಗಿಡಗಳ ಲ್ಯಾಟಿನ್ ಹೆಸರು. ಮೂರನೆಯದು ಟಿನೋಸ್ಪೊರಾ ಕ್ರಿಸ್ಪಾ.

‘ಅತ್ತೆ, ಟಿನೋಸ್ಪೊರಾ ಅಂದ್ರೆ ನಮ್ಮ ಬೇಲಿ ಮೇಲಿನ ಅಮೃತಬಳ್ಳಿ ಅಲ್ವಾ? ಅಜ್ಜಿ ಕಷಾಯ ಮಾಡ್ತಿದ್ರಲ್ಲ?’

ಅರ್ಧ ಸರಿ. ಅಮೃತಬಳ್ಳಿ ಟಿನೋಸ್ಪೊರಾ ಕಾರ್ಡಿಫೋಲಿಯಾ. ಡಬ್ಬದಲ್ಲಿ ಇದ್ದದ್ದು ಅದರ ದಾಯಾದಿ. ಆ ದಾಯಾದಿಯಲ್ಲಿ ಹಿಜೆನಮೈನ್ ಎಂಬ ವಸ್ತು ಇರುತ್ತೆ. ಆಸ್ತಮಾಕ್ಕೆ ಕೊಡುವ ಸಾಲ್ಬ್ಯುಟಮಾಲ್‌ನ ಗುಂಪಿನದೇ ಅದು. ನಿಷೇಧದ ಪಟ್ಟಿ ಮಾಡುವ ಜಾಗತಿಕ ಸಂಸ್ಥೆ ವಾಡಾ 2017ರಿಂದ ಅದನ್ನು ಹೆಸರು ಹಿಡಿದು ಪಟ್ಟಿಗೆ ಹಾಕಿದೆ. ಓಟದ ದಿನ ಮಾತ್ರವಲ್ಲ, ವರ್ಷವಿಡೀ ನಿಷೇಧ. ಆಸ್ತಮಾ ಇದ್ದವರು ಸಾಲ್ಬ್ಯುಟಮಾಲ್ ಇನ್‌ಹೇಲರ್ ಒಂದು ಮಿತಿಯೊಳಗೆ ಎಳೆದುಕೊಳ್ಳಬಹುದು, ಹಿಜೆನಮೈನ್‌ಗೆ ಆ ರಿಯಾಯಿತಿಯೂ ಇಲ್ಲ. ಡಬ್ಬದ ಮೇಲೆ ಆ ಹೆಸರು ಎಲ್ಲೂ ಇಲ್ಲ. ಗಿಡದ ಹೆಸರಿದೆ, ಹಸಿರು ಎಲೆಯ ಚಿತ್ರವಿದೆ. ಹುಡುಗ ‘ನ್ಯಾಚುರಲ್’ ಅಂದದ್ದು ಸುಳ್ಳೇನಲ್ಲ ಬಿಡಿ.

ಗೊತ್ತಿಲ್ಲದೆ ಕುಡಿದೆ ಅಂದರೆ ಬಿಡುತ್ತಾರಾ ಅಂತ ಕೇಳಿದಳು. ಘಟ್ಟ ಇಳಿದರೆ ಸಿಗುವ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರ ವಿಷಯ ಹೇಳಿದೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ, ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ನಾವೆಲ್ಲ ಟಿವಿ ಮುಂದೆ ಕೂಗಾಡಿದ್ದೆವು. ಮರುವರ್ಷ ಟೆಸ್ಟ್‌ನಲ್ಲಿ ಸ್ಟೀರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದದ್ದು ಅಂತ ಅವರು ಹೇಳಿದರು. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಮೇಲ್ಮನವಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, 2012ರಲ್ಲಿ ಅದು ಎರಡು ವರ್ಷವಾಯಿತು. ಅವರದು 400 ಮೀಟರ್, ಇವಳದು 5,000. ನಿಯಮ ಎಲ್ಲರಿಗೂ ಒಂದೇ. ಮೈಯೊಳಗೆ ಸಿಕ್ಕಿದ್ದಕ್ಕೆ ಓಟಗಾರರೇ ಜವಾಬು ಹೇಳಬೇಕು. ಕೋಚ್ ಕೊಟ್ಟರು, ಅಂಗಡಿಯವನು ಹೇಳಿದ ಅಂದರೆ ಶಿಕ್ಷೆ ಸ್ವಲ್ಪ ಇಳಿಯಬಹುದು, ಅಷ್ಟೇ.

ಇನ್ನೊಂದು ಮಾತು ಅವಳು ಎರಡು ದಿನ ಬಿಟ್ಟು ಬಾಯಿಬಿಟ್ಟಳು. ‘ಇದು ಸಾಲಲ್ಲ ಅನ್ನಿಸಿದ್ರೆ ಇಂಜೆಕ್ಷನ್ ಅರೇಂಜ್ ಮಾಡ್ಬಹುದು’ ಅಂತ ಆ ಅಂಗಡಿ ಹುಡುಗ ಅಂದಿದ್ದನಂತೆ. ಯಾವ ಇಂಜೆಕ್ಷನ್ ಅಂತ ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ದೂರ ಓಡುವವರಿಗೆ ಇಂಜೆಕ್ಷನ್ ಅಂದರೆ ನನ್ನ ತಲೆಗೆ ಮೊದಲು ಬರುವುದು ಇಪಿಒ. ಅದು ನನ್ನ ಅಂಗಡಿ ಫ್ರಿಜ್ಜಿನಲ್ಲೂ ಇದೆ, 2ರಿಂದ 8 ಡಿಗ್ರಿಯಲ್ಲಿ. ಡಯಾಲಿಸಿಸ್‌ನವರು ಚೀಟಿ ತಂದು ಒಯ್ಯುತ್ತಾರೆ. ಕಿಡ್ನಿ ಸೋತವರಲ್ಲಿ ರಕ್ತ ಕಡಿಮೆಯಾಗುತ್ತೆ, ಇದು ಕೆಂಪು ಕಣ ಹೆಚ್ಚಿಸುತ್ತೆ. ರಕ್ತ ಸರಿಯಾಗಿಯೇ ಇರುವ ಇಪ್ಪತ್ತರ ಹುಡುಗಿಗೆ ಚುಚ್ಚಿದರೆ ರಕ್ತ ಮಂದವಾಗುತ್ತೆ, ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಅದೂ ‘ಬರಲ್ಲ’ ಅನ್ನುವ ಕಾಲ ಹೋಯಿತು, 2000ದ ಸಿಡ್ನಿ ಒಲಿಂಪಿಕ್ಸ್‌ನಿಂದಲೇ ಟೆಸ್ಟ್ ಇದೆ. ಅಂಗಡಿಗೆ ನಾನು ಕೊಡಬೇಕೆಂದಿದ್ದ ಅರ್ಧ ಸ್ಟಾರ್ ಅವತ್ತೇ ಹೋಯಿತು.

ಮನೆಯಲ್ಲಿರುವ ಮಾತ್ರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಕೀನ್ಯಾದ ರುತ್ ಚೆಪ್‌ನ್ಗೆಟಿಚ್ 2024ರಲ್ಲಿ ಶಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಓಡಿದಾಗ ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೆ. 2025ರಲ್ಲಿ ಅವರಿಗೆ ಮೂರು ವರ್ಷ ನಿಷೇಧ ಬಿತ್ತು. ಸಿಕ್ಕಿದ್ದು ಹೈಡ್ರೋಕ್ಲೋರೋಥಯಜೈಡ್. ಮನೆಗೆಲಸದವರ ಮಾತ್ರೆ ನುಂಗಿದೆ ಅಂದರು. ಅದು ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಬೇರೆ ಔಷಧಿಯ ಗುರುತು ಮರೆಸಲೂ ಬಳಸುತ್ತಾರೆ ಅಂತ ಪಟ್ಟಿಯಲ್ಲಿದೆ. ನಮ್ಮಣ್ಣ ದಿನಾ ನುಂಗುವ ಮಾತ್ರೆಯಲ್ಲೂ ಅದೇ ಇದೆ. ಅಡುಗೆಮನೆ ಕಿಟಕಿಯಲ್ಲಿ ಇಡುತ್ತಿದ್ದ, ಈಗ ಬೀರುವಿನಲ್ಲಿ ಇಡಿಸಿದ್ದೇನೆ. ಮಾತ್ರೆಗಳ ಅನುಮಾನಕ್ಕೆ ನಾಡಾದ ‘ನೋ ಯುವರ್ ಮೆಡಿಸಿನ್’ ಆಪ್ ಇದೆ, ಅವಳ ಫೋನಿಗೆ ಹಾಕಿಕೊಟ್ಟೆ. ಪುಡಿ ಬೇಕೇ ಬೇಕು ಅಂದರೆ ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಗುರುತು ಇರುವುದನ್ನು ನೋಡಿ, ಬ್ಯಾಚ್ ನಂಬರ್ ತಾಳೆ ಮಾಡಿ ತಗೊಳ್ಳಿ. ಅವರು ಪ್ರತಿ ಬ್ಯಾಚ್ ಟೆಸ್ಟ್ ಮಾಡುತ್ತಾರೆ.

ಅವಳು ಸದ್ಯ ಓಡುವ ಮುಂಚೆ ಎರಡು ಪುಟ್ಟಬಾಳೆ, ಒಂದು ಲೋಟ ಬೆಲ್ಲದ ಕಾಫಿ. ಡಬ್ಬ ವಾಪಸ್ ಕೊಡಲು ನಾನೇ ಹೋಗಿದ್ದೆ. ‘ಓಪನ್ ಮಾಡಿದ್ದು ತಗೊಳಲ್ಲ ಆಂಟಿ’ ಅಂದ. ಅವಳು ಮೇಡಂ, ನಾನು ಆಂಟಿ.

ಪುಡಿಯನ್ನು ಬಚ್ಚಲಿಗೆ ಸುರಿದೆ. ಡಬ್ಬದ ಮುಚ್ಚಳ ಮಾತ್ರ ಭಾರಿ ಗಟ್ಟಿ, ಗಾಳಿ ಆಡುವುದಿಲ್ಲ. ಎರಡು ಸಲ ಸೀಗೆಪುಡಿ ಹಾಕಿ ತೊಳೆದ ಮೇಲೆ ಕಲ್ಲಂಗಡಿ ವಾಸನೆ ಹೋಯಿತು. ಈಗ ಅದರಲ್ಲಿ ಹಲಸಿನ ಹಪ್ಪಳ ಇದೆ, ಈ ಮಳೆಯಲ್ಲೂ ಮೆತ್ತಗಾಗಿಲ್ಲ. ಒಂದು ಸ್ಟಾರ್ ಅದಕ್ಕೆ.