ಹಳೇ ಕಾರು ದಾರಿಯಲ್ಲಿ ತಾನಾಗೇ ಆಫ್ ಆಗ್ತಿದ್ಯಾ? ‘ಪಂಪ್ ಹೋಗಿದೆ’ ಅಂದ ತಕ್ಷಣ ದುಡ್ಡು ಕೊಡಬೇಡಿ

ಕೊಟ್ಟಿದ್ದು 18,000 ರೂಪಾಯಿ. ಹೋಗಿದ್ದು 1,150 ರೂಪಾಯಿಯ ಒಂದು ಸೆನ್ಸರ್.

ದಾವಣಗೆರೆಯ ಒಂದು ಗ್ಯಾರೇಜು. ಹೆಸರು ಬರೆಯಲ್ಲ. ಬರೆದರೆ ಬಿಲ್ ತೋರಿಸಿ ಅಂತಾರೆ, ಅವರು ಬಿಲ್ಲೇ ಕೊಟ್ಟಿಲ್ಲ. ಕೊಟ್ಟಿದ್ದು ಕಚ್ಚಾ ಚೀಟಿ, ಅದಕ್ಕೆ ಆಮೇಲೆ ಬರ್ತೀನಿ.

ಗಾಡಿ 2005ರ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ) ಪೆಟ್ರೋಲ್. ಬೆಳಿಗ್ಗೆ ಊರೊಳಗೆ ಎಷ್ಟು ಸುತ್ತಿದರೂ ತೊಂದರೆ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಚಿತ್ರದುರ್ಗದಿಂದ ಹೊರಟರೆ, ಭರಮಸಾಗರ ದಾಟಿ ಹೆಬ್ಬಾಳು ಟೋಲ್ ಹತ್ತಿರ ಬರುವಷ್ಟರಲ್ಲಿ ಎಂಜಿನ್ ಟಕ್ ಅಂತ ನಿಲ್ಲುತ್ತೆ. ಜರ್ಕ್ ಇಲ್ಲ, ಮಿಸ್ಸಿಂಗ್ ಇಲ್ಲ, ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ. ಸ್ಟೇರಿಂಗ್ ಕಲ್ಲಾಗುತ್ತೆ, ಬ್ರೇಕ್ ಎರಡು ಮೂರು ಸಲ ತುಳಿದ ಮೇಲೆ ಅದೂ ಗಟ್ಟಿ. ಹಿಂದೆ ಲಾರಿ ಇದ್ದರೆ ದೇವರೇ ಗತಿ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತೆ, ಹಿಡಿಯಲ್ಲ. ಬಾನೆಟ್ ಎತ್ತಿ 25 ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್.

ಕೆಲಸ ಗೊತ್ತಿರುವವನಿಗೆ ಇಷ್ಟು ಕೇಳಿದರೆ ಅರ್ಧ ರೋಗ ಗೊತ್ತಾಗಬೇಕು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಸಾಮಾನ್ಯವಾಗಿ ಮೊದಲು ಎಳೆಯೋದು ಬಿಡುತ್ತೆ, ಮುಗ್ಗರಿಸುತ್ತೆ, ಆಮೇಲೆ ಸಾಯುತ್ತೆ. ಸ್ವಿಚ್ ಆಫ್ ಮಾಡಿದ ಹಾಗೆ ನಿಂತರೆ ಮೊದಲು ಕರೆಂಟಿನ ಕಡೆ ನೋಡಬೇಕು. ಗ್ಯಾರೇಜಿನವನು ಇದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಕೀ ಇಸಿದುಕೊಂಡು, ‘ಪಂಪ್ ವೀಕ್ ಆಗೈತ್ರಿ, ಹಾಕಿಸಿಬಿಡ್ರಿ’ ಅಂದ. ಪಂಪ್ (ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವುದು) 6,200. ಇಂಜೆಕ್ಟರ್ ಕ್ಲೀನಿಂಗ್ 1,800. ಮತ್ತೆ ನಿಂತಿತು. ಆಗ ‘ಇಸಿಎಂ ಹೋಗೈತೆ, ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಬೇಕು’, 8,500. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಲೇಬರ್ 1,500. ಪ್ರತಿ ಸಲ ಬೆಳಿಗ್ಗೆ ಹತ್ತಕ್ಕೆ ಪಿ.ಬಿ. ರೋಡಲ್ಲಿ ಒಂದು ರೌಂಡ್ ಹೊಡೆದು ‘ಟ್ರಯಲ್ ನೋಡೀವ್ರಿ, ಸರಿ ಐತೆ’. ಸರಿ ಇರದೆ ಏನು! 40 ಕಿಲೋಮೀಟರ್ ಓಡಿ ಕಾದ ಮೇಲೆ ಬರುವ ರೋಗ ಐದು ನಿಮಿಷದ ರೌಂಡಿನಲ್ಲಿ ಕಾಣುತ್ತಾ?

ಮೂರನೇ ಸಲ ಟೋಲ್ ಹತ್ತಿರ ನಿಂತಾಗ ಹಿಂದಿನ ಸೀಟು ಎತ್ತಿ ನೋಡಿದೆ. ಪಂಪಿನ ಮೇಲಿನ ತಗಡಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ನಾಲ್ಕರ ತಲೆಯೊಳಗೂ ಕೆಂಪು ಧೂಳು ಗಟ್ಟಿಯಾಗಿ ಕೂತಿದೆ, ಸೂಜಿ ಹಾಕಿ ಕೆದಕಬೇಕು ಅಷ್ಟು. ಮುಚ್ಚಳದ ಅಂಚಿಗೆ ಎಂದೋ ಬಿದ್ದ ಮೂರು ಕಾಳು ಮಂಡಕ್ಕಿ ಅಂಟಿಕೊಂಡಿದೆ. ಆ ಮುಚ್ಚಳ ಬಿಚ್ಚೇ ಇಲ್ಲ. ಹೊಸ ಪಂಪ್ ಅಂತ 6,200 ತಗೊಂಡವರು ಸ್ಕ್ರೂಡ್ರೈವರನ್ನೇ ಇಟ್ಟಿಲ್ಲ. ರಸ್ತೆ ಬದಿಯಲ್ಲಿ ಸೀಟು ಎತ್ತಿ ಹಿಡಕೊಂಡು ಆ ಮಂಡಕ್ಕಿ ನೋಡ್ತಾ ನಿಂತಾಗ ಆದ ನಾಚಿಕೆ ಹೇಳತೀರದು. ಇಷ್ಟೆಲ್ಲ ಗೊತ್ತಿದ್ದೂ ಹಳೇ ಪಂಪ್ ಕೇಳಿರಲಿಲ್ಲ.

ಆಮೇಲೆ ಕೇಳಿದ್ದಕ್ಕೆ ಅವರಿಂದ ಬಂದ ಉತ್ತರಗಳನ್ನೂ ನೋಡಿ. ಮೊದಲು, ‘ಹಳೇದು ಗುಜರಿಯವನು ಒಯ್ದ’. ಮುಚ್ಚಳದ ಫೋಟೋ ತೋರಿಸಿದ ಮೇಲೆ, ‘ಟ್ಯಾಂಕ್ ಇಳಿಸಿ ಹಾಕೀವ್ರಿ’. ಟ್ಯಾಂಕ್ ಇಳಿಸಿದರೂ ಈ ಗಾಡಿಯಲ್ಲಿ ಪಂಪಿನ ಕಪ್ಲರ್ (ವೈರಿನ ಪ್ಲಗ್) ಬಿಚ್ಚಬೇಕಾಗಿರೋದು ಆ ಮುಚ್ಚಳದ ಕೆಳಗೇ. ಅದನ್ನು ಹೇಳಿದರೆ, ‘ಹುಡುಗ್ರು ಏನೋ ಮಾಡಿರಬೇಕು’. ಕೊನೆಗೆ, ‘ಇಷ್ಟು ತಿಳಕೊಂಡೋರು ನೀವೇ ಮಾಡ್ಕಬೇಕಿತ್ತು’. ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಸಿಎಂ ಡಬ್ಬಿ ಬಿಚ್ಚಿದ ಗುರುತೂ ಇಲ್ಲ, ಅಂಚಿನ ಸೀಲೆಂಟ್ ಕಂಪನಿಯಿಂದ ಬಂದ ಹಾಗೇ ಇದೆ. ಇಸಿಎಂ ಹೋಗಿದೆ ಅಂತ ‘ಸ್ಕ್ಯಾನರ್‌ನಲ್ಲಿ ಬಂತು’ ಅಂದಿದ್ದರು, ಅದನ್ನೂ ನಂಬೋ ಹಾಗಿಲ್ಲ. ನಮ್ಮಲ್ಲಿ ಒಬಿಡಿ-2 (ಸಾಮಾನ್ಯ ಸ್ಕ್ಯಾನರ್ ಚುಚ್ಚಿದರೂ ರೋಗದ ಕೋಡ್ ಓದಬಹುದಾದ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2013ರ ಏಪ್ರಿಲ್‌ನಿಂದ. 2005ರ ಗಾಡಿಗೆ ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಕನೆಕ್ಟೇ ಆಗದಿರಬಹುದು, ಈ ಗಾಡಿಗಂತೂ ಆಗಲ್ಲ. ಇಂಥ ಗಾಡಿಗೆ ಆ ಕಂಪನಿ ಸಾಫ್ಟ್‌ವೇರ್ ಇರುವ ಸ್ಕ್ಯಾನರ್ ಬೇಕು. ಅದಿದ್ದರೂ ಬಂದು ಹೋಗುವ ರೋಗಕ್ಕೆ ಎಷ್ಟೋ ಸಲ ಕೋಡ್ ಉಳಿಯಲ್ಲ. ಎಂಜಿನ್ ನಿಂತಿತು ಅಂತ ಮಾತ್ರ ಇಸಿಎಂಗೆ ಗೊತ್ತಾಗುತ್ತೆ, ಯಾಕೆ ನಿಂತಿತು ಅಂತ ಎಷ್ಟೋ ಸಲ ಗೊತ್ತಾಗಲ್ಲ.

ಈಗ ಅಸಲಿ ವಿಷಯ. ಹೋಗಿದ್ದು ಕ್ರ್ಯಾಂಕ್ ಸೆನ್ಸರ್, ಅಂದರೆ ಎಂಜಿನ್ನಿನ ಮುಖ್ಯ ದಂಡ (ಕ್ರ್ಯಾಂಕ್) ತಿರುಗುತ್ತಿದೆ ಅಂತ ಇಸಿಎಂಗೆ ಹೇಳುವ ಸೆನ್ಸರ್. ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಪಕ್ಕ ಕೆಳಗೆ ಒಂದೇ ಬೋಲ್ಟಿನಲ್ಲಿ ಕೂತಿರುತ್ತೆ, 10 ನಂಬರ್ ಸ್ಪ್ಯಾನರ್ ಸಾಕು. ಒಳಗೆ ಕೂದಲಿನಂಥ ತಾಮ್ರದ ತಂತಿಯ ಸುತ್ತು. ವರ್ಷಗಟ್ಟಲೆ ಕಾದು ಆರಿ ತಂತಿ ಸೀಳು ಬಿಡುತ್ತೆ. ಬಿಸಿಗೆ ಹಿಗ್ಗಿದಾಗ ಕನೆಕ್ಷನ್ ಕಟ್, ಆರಿದಾಗ ಮತ್ತೆ ಕೂಡಿಕೊಳ್ಳುತ್ತೆ.

ಇದನ್ನು ಪಂಪ್ ಅಂತ ಯಾಕೆ ತಪ್ಪು ತಿಳೀತಾರೆ (ಅಥವಾ ತಿಳಿದ ಹಾಗೆ ನಟಿಸ್ತಾರೆ) ಗೊತ್ತಾ? ಕ್ರ್ಯಾಂಕ್ ತಿರುಗುತ್ತಿದೆ ಅನ್ನೋ ಸಿಗ್ನಲ್ ಬರದಿದ್ದರೆ ಇಸಿಎಂ ಸ್ಪಾರ್ಕ್ ಕೊಡಲ್ಲ, ಜೊತೆಗೆ ಪಂಪಿನ ರಿಲೇಯನ್ನೂ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ಆಫ್ ಮಾಡಿಬಿಡುತ್ತೆ. ಸೆಲ್ಫ್ ಹೊಡೆಯುವಾಗ ಪಂಪ್ ಓಡಲ್ಲ, ‘ನೋಡ್ರಿ ಪಂಪ್ ಸತ್ತೈತೆ’. ಬರೀ ಪಂಪ್ ಹೋಗಿದ್ದರೆ ಸ್ಪಾರ್ಕ್ ಇರಬೇಕಿತ್ತಲ್ಲ! ಸ್ಪಾರ್ಕ್ ನೋಡಲೇ ಇಲ್ಲ. ಒಂದು ಸಲವೂ ನೋಡಲಿಲ್ಲ.

ಆದ್ದರಿಂದ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ನೋಡಿ. ಗಾಡಿ ರಸ್ತೆಯಿಂದ ಪೂರ್ತಿ ಎಡಕ್ಕೆ ತಗೊಂಡು, ಹಜಾರ್ಡ್ ಹಾಕಿ ಆಮೇಲೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಮೂರು ಸೆಕೆಂಡ್ ಗುಂಯ್ ಅನ್ನುತ್ತಾ ಕೇಳಿ. ಅಂದರೆ ಪಂಪಿಗೆ ಜೀವ ಇದೆ. ಒತ್ತಡ ಸಾಕಾ ಅನ್ನೋದಕ್ಕೆ ಗೇಜ್ ಹಾಕಬೇಕು, ಇಂಥ ಗಾಡಿಗಳಲ್ಲಿ 3 ಬಾರ್ ಆಸುಪಾಸು. ಆಮೇಲೆ ಸ್ಪಾರ್ಕ್ ಟೆಸ್ಟರ್ ಹಾಕಿ ಸೆಲ್ಫ್ ಹೊಡೆಯಿರಿ. ಕೇಬಲ್ ಕೈಯಲ್ಲಿ ಹಿಡಿಯೋ ಸಾಹಸ ಬೇಡ, ಪೆಟ್ರೋಲ್ ವಾಸನೆ ಬರ್ತಿದ್ದರೆ ಸ್ಪಾರ್ಕ್ ಪರೀಕ್ಷೆಯೇ ಬೇಡ. ಆರ್‌ಪಿಎಂ ಮುಳ್ಳು ನೋಡಿ, ಸೆಲ್ಫ್ ಹೊಡೆದಾಗ ಅದು ಸ್ವಲ್ಪ ಅಲ್ಲಾಡಬೇಕು. ಸ್ಪಾರ್ಕ್ ಇಲ್ಲ, ಮುಳ್ಳು ಸೊನ್ನೆಯಲ್ಲೇ ಮಲಗಿದೆ ಅಂದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಅದರ ಮೇಲೆ ಒದ್ದೆ ಬಟ್ಟೆ ಹಾಕಿ. ನಮ್ಮದು ಎರಡೇ ನಿಮಿಷಕ್ಕೆ ಸ್ಟಾರ್ಟ್ ಆಯಿತು. ಟೀ ಕುಡಿದು ಬರೋವರೆಗೆ ಕಾಯಬೇಕಿದ್ದ ಗಾಡಿ!

ಬಿಚ್ಚಿ ಅಳೆದಾಗ ತಣ್ಣಗೆ 780 ಓಮ್. ಹೇರ್ ಡ್ರೈಯರ್ ಹಿಡಿದ ನಾಲ್ಕನೇ ನಿಮಿಷಕ್ಕೆ ಮೀಟರ್‌ನಲ್ಲಿ ‘ಓಎಲ್’. ಕಟ್. ಇದು ಎರಡು ಪಿನ್ನಿನ ಸೆನ್ಸರ್‌ಗೆ ಮಾತ್ರ. ಮೂರು ಪಿನ್ನಿನ ಹಾಲ್ ಸೆನ್ಸರ್ (ಒಳಗೆ ತಂತಿ ಸುತ್ತಿನ ಬದಲು ಚಿಪ್ ಇರುವುದು) ಆದರೆ ಓಮ್ ಅಳೆದು ಪ್ರಯೋಜನ ಇಲ್ಲ, ಸಪ್ಲೈ ಮತ್ತು ಸಿಗ್ನಲ್ ನೋಡಬೇಕು.

ಎಲ್ಲರ ಗಾಡಿಗೂ ಇದೇ ಕಾರಣ ಅಂತಲ್ಲ. ನಿಂತಾಗ ಡ್ಯಾಶ್‌ಬೋರ್ಡ್ ದೀಪಗಳೂ ಒಟ್ಟಿಗೆ ಹೋದರೆ ಇಗ್ನಿಷನ್ ಸ್ವಿಚ್ ಇಲ್ಲ ಬ್ಯಾಟರಿ ಟರ್ಮಿನಲ್ ನೋಡಿ. ಕೀ ಗೊಂಚಲಿಗೆ ಮನೆ ಬೀಗದ ಕೈಯೆಲ್ಲ ನೇತುಹಾಕಿ ಸ್ವಿಚ್ ಸವೆಸಿದವರು ಬೇಕಾದಷ್ಟು ಜನ. ಕೀ ಆನ್ ಮಾಡಿದರೂ ಪಂಪ್ ಸದ್ದಿಲ್ಲ, ಚೆಕ್ ಎಂಜಿನ್ ದೀಪವೂ ಹತ್ತಲ್ಲ ಅಂದರೆ ಇಸಿಎಂಗೆ ಕರೆಂಟ್ ಕೊಡುವ ಮೇನ್ ರಿಲೇ ಮೇಲೆ ಅನುಮಾನ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಕಿತ್ತು ಹಾಕಿ ನೋಡಿ, ಖರ್ಚಿಲ್ಲ. ಅರ್ತ್ (ಎಂಜಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಹೋಗುವ ವೈರ್) ಪರೀಕ್ಷೆಗೆ ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ವೋಲ್ಟ್ ಅಳೆಯಿರಿ, 0.2ಕ್ಕಿಂತ ತುಂಬಾ ಮೇಲೆ ಹೋದರೆ ಅರ್ತ್ ವೈರ್ ಬಿಚ್ಚಿ ಉಜ್ಜಿ.

ಗ್ಯಾರೇಜಿಗೆ ಬಿಡಲೇಬೇಕಾದರೆ ಎರಡೇ ಮಾತು. ಹಳೇ ಪಾರ್ಟ್ ಡಿಕ್ಕಿಯಲ್ಲಿರಬೇಕು ಅಂತ ಮೊದಲೇ ಹೇಳಿ, ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಜಿಎಸ್‌ಟಿ ನಂಬರ್ ಇರುವ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಸಹಾಯವಾಣಿ 1915 ಇದೆ, ಎಲ್ಲ ಇದೆ. ಆದರೆ ‘ಪಂಪ್, ಇಸಿಎಂ, ಟೋಟಲ್ 18’ ಅಂತ ಪೆನ್ನಲ್ಲಿ ಗೀಚಿದ ಸಿಗರೇಟ್ ಪ್ಯಾಕಿನ ರಟ್ಟು ಹಿಡಕೊಂಡು ಹೋದರೆ ಏನಂತ ವಾದ ಮಾಡೋದು?

ಸೆನ್ಸರ್ ವಿಷಯ ಅವರಿಗೂ ಮೆಸೇಜ್ ಹಾಕಿದೆ. ಉತ್ತರ ಬಂತು: ‘ಅದನ್ನ ನಾವೂ ಚೆಕ್ ಮಾಡಿದ್ವಿ, ಸರಿ ಇತ್ತು.’ ತಣ್ಣಗಿದ್ದಾಗ ಅಳೆದರೆ ಸರಿಯಾಗೇ ತೋರಿಸುತ್ತೆ ಮಾರಾಯ, ಅದೇ ಅದರ ರೋಗ. ಪಂಪಿನ 6,200 ಬಗ್ಗೆ ಕೇಳಿದ ಮೆಸೇಜಿಗೆ ಎರಡು ನೀಲಿ ಗೆರೆ ಬಿದ್ದು ಒಂಬತ್ತು ದಿನ ಆಯಿತು.