ಉದ್ಯಮಬಾಗದಲ್ಲಿ ಟಾರ್ಕ್ ಕನ್ವರ್ಟರ್ ರಿಪೇರಿ: ಲೇತ್ ಕೆಲಸ ಚೊಕ್ಕ, ಕೂಲರ್ ಮಾತ್ರ ನೀವೇ ನೆನಪಿಸಬೇಕು

ಆಟೊಮ್ಯಾಟಿಕ್ ಗಾಡಿ 60-70ರ ವೇಗದಲ್ಲಿ ರಂಬಲ್ ಸ್ಟ್ರಿಪ್ ಮೇಲೆ ಓಡಿದ ಹಾಗೆ ಗಡಗಡ ನಡುಗತೊಡಗಿದರೆ ಒಬ್ಬರು ‘ಮೌಂಟಿಂಗ್ ಹೋಗೇತ್ರಿ’ ಅನ್ನುತ್ತಾರೆ, ಇನ್ನೊಬ್ಬರು ಇಡೀ ಗೇರ್‌ಬಾಕ್ಸ್ ಬದಲಿಸಿ ಅನ್ನುತ್ತಾರೆ. ಬೆಳಗಾವಿಯ ಉದ್ಯಮಬಾಗದ ಒಳಗಲ್ಲಿಯಲ್ಲಿ, ಹೊರಗೆ ಬೋರ್ಡು ಕೂಡ ನೆಟ್ಟಗೆ ಕಾಣದ ಒಂದು ಶೆಡ್ಡಿನಲ್ಲಿ ಮೂರನೆಯ ದಾರಿಯಿದೆ. ಎಂಜಿನ್ನಿನ ತಿರುಗುವಿಕೆಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಂದನ್ನೇ ಇಳಿಸಿ, ಕೊಯ್ದು, ಒಳಗಿನದನ್ನು ಸರಿಮಾಡಿ ಮತ್ತೆ ಬೆಸೆದು ಕೊಡುತ್ತಾರೆ. ಎರಕ, ಹೈಡ್ರಾಲಿಕ್ ಪಂಪುಗಳ ಪೇಟೆ ಇದು. ಎಣ್ಣೆಯ ಒತ್ತಡ ಎಂದರೇನೆಂದು ಇಲ್ಲಿನ ಟರ್ನರ್‌ಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕ್ಲಚ್ ಪೆಡಲ್ ಇಲ್ಲದ ಗಾಡಿಗೆಲ್ಲ ಟಾರ್ಕ್ ಕನ್ವರ್ಟರ್ ಇರುವುದಿಲ್ಲ ಎಂಬುದು ಗೊತ್ತಿರಲಿ. ಎಎಂಟಿ (ಮಾಮೂಲು ಗೇರ್‌ಬಾಕ್ಸ್‌ನ ಕ್ಲಚ್, ಗೇರ್‌ಗಳನ್ನು ಯಂತ್ರವೇ ನಡೆಸುವ ಏರ್ಪಾಡು) ಇರುವ ಸ್ವಿಫ್ಟ್, ವ್ಯಾಗನ್‌ಆರ್‌ಗಳನ್ನು ಇಲ್ಲಿಗೆ ತಂದು ಪ್ರಯೋಜನವಿಲ್ಲ. ಇನ್ನೋವಾ ಕ್ರಿಸ್ಟಾ, ಕ್ರೆಟಾ ಡೀಸೆಲ್, 2022ರ ಬ್ರೆಝಾಗಳ ಆಟೊಮ್ಯಾಟಿಕ್‌ಗಳಲ್ಲಿ ಅದು ಇದೆ.

ಈ ಶೆಡ್ಡಿಗೆ ಹೆಚ್ಚು ಅಂಕ ಸಿಗುವುದು ಪತ್ತೆ ಮಾಡುವ ರೀತಿಗೆ. ಬಂದ ಕೂಡಲೇ ಗೇರ್‌ಬಾಕ್ಸ್ ಇಳಿಸುವುದಿಲ್ಲ. ಮೊದಲು ಖಾನಾಪುರ ರಸ್ತೆಯಲ್ಲಿ ಓಡಿಸುತ್ತಾರೆ. ನಡುಕ ಬಂದಾಗ ಎಡಗಾಲಿನಿಂದ ಬ್ರೇಕ್ ಪೆಡಲ್ಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟುತ್ತಾರೆ, ಆಕ್ಸಿಲರೇಟರ್ ಬಿಡುವುದಿಲ್ಲ. ಬ್ರೇಕ್ ಸ್ವಿಚ್ಚಿನ ಸೂಚನೆ ಸಿಕ್ಕೊಡನೆ ಲಾಕಪ್ ಕ್ಲಚ್, ಅಂದರೆ ಓಟದಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕನ್ವರ್ಟರ್ ಒಳಗಿನ ಕ್ಲಚ್, ಬಿಟ್ಟುಕೊಳ್ಳುತ್ತದೆ. ನಡುಕ ಆ ಕ್ಷಣಕ್ಕೆ ನಿಂತರೆ ದೋಷ ಲಾಕಪ್‌ನ ಕಡೆಗಿದೆ, ನಿಲ್ಲದಿದ್ದರೆ ಮೌಂಟಿಂಗ್, ಇಗ್ನಿಷನ್ ಕಾಯಿಲ್, ಪ್ರೊಪೆಲ್ಲರ್ ಶಾಫ್ಟ್ ನೋಡಬೇಕು. ಜೊತೆಗೆ ಸ್ಕ್ಯಾನರ್‌ನಲ್ಲಿ ಎಂಜಿನ್ ಮತ್ತು ಟರ್ಬೈನ್ (ಕನ್ವರ್ಟರ್‌ನಲ್ಲಿ ಗೇರ್‌ಬಾಕ್ಸ್ ಕಡೆಯ ಚಕ್ರ) ಆರ್‌ಪಿಎಂಗಳ ಅಂತರ ಓದುತ್ತಾರೆ. ಪೂರ್ತಿ ಲಾಕ್ ಆದಾಗ ಅದು ಸೊನ್ನೆಯ ಹತ್ತಿರ ನಿಲ್ಲಬೇಕು. ಅಂತರ ಏರಿಳಿಯುತ್ತ, ಪಿ0741 ಎಂಬ ಲಾಕಪ್ ದೋಷದ ಕೋಡ್ ಕೂಡ ಬಂದಿದ್ದರೆ ಲಾಕಪ್ ಜಾರುತ್ತಿದೆ. ಆದರೆ ಅದೇ ಕೋಡ್ ಗೇರ್‌ಬಾಕ್ಸ್‌ನ ಎಣ್ಣೆಗೆ ದಾರಿ ತೋರುವ ವಾಲ್ವ್ ಬಾಡಿ ಸವೆದಾಗಲೂ ಬರುತ್ತದೆ, ಹಾಗಾಗಿ ಕೋಡ್ ನೋಡಿಯೇ ಕನ್ವರ್ಟರ್ ಕೊಯ್ಯುವವರಿಂದ ದೂರವಿರಿ. ಇಲ್ಲಿ ಲಾಕಪ್ಪಿಗೆ ಎಣ್ಣೆ ಬಿಡುವ ವಿದ್ಯುತ್ ವಾಲ್ವ್ ಸೊಲೆನಾಯ್ಡ್‌ನ ಓಮ್ಸ್ ಅಳೆದೇ ಮುಂದಿನ ಮಾತು.

ಸದ್ದಿಗೂ ಲೆಕ್ಕವಿದೆ. ಬ್ರೇಕ್ ಒತ್ತಿ ‘ಡಿ’ಯಲ್ಲಿ ನಿಂತಾಗ ಕೊರೆಯುವ ಸದ್ದು ಬಂದು ನ್ಯೂಟ್ರಲ್‌ನಲ್ಲಿ ಮಾಯವಾದರೆ ಅದು ಕನ್ವರ್ಟರ್ ಒಳಗಿನ ಬೇರಿಂಗ್. ಎಲ್ಲ ಗೇರ್‌ನಲ್ಲೂ ಇದ್ದರೆ ಎಣ್ಣೆಯ ಪಂಪಿನ ಮೇಲೆ ಸಂಶಯ. ನಿಂತಲ್ಲಿಂದ ಗಾಡಿ ಏಳದೆ, 50 ದಾಟಿದ ಮೇಲೆ ಸರಿಯಾಗಿ ಓಡಿದರೆ ಸ್ಟೇಟರ್‌ನ (ಕನ್ವರ್ಟರ್ ನಡುವೆ ಎಣ್ಣೆಯ ಹರಿವನ್ನು ತಿರುಗಿಸುವ ಚಕ್ರ) ಒನ್‌ವೇ ಕ್ಲಚ್ ಜಾರುತ್ತಿರಬಹುದು. ಅದನ್ನು ಖಾತ್ರಿ ಮಾಡಲು ಸ್ಟಾಲ್ ಟೆಸ್ಟ್, ಅಂದರೆ ಬ್ರೇಕ್ ಒತ್ತಿಹಿಡಿದೇ ‘ಡಿ’ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಆರ್‌ಪಿಎಂ ಎಲ್ಲಿಗೆ ನಿಲ್ಲುತ್ತದೆಂದು ನೋಡುವುದು: ಎಣ್ಣೆ ಬಿಸಿಯಾಗಿರಬೇಕು, ಗಾಲಿಗೆ ಅಡ್ಡ ಕೊಟ್ಟಿರಬೇಕು, 5 ಸೆಕೆಂಡಿಗಿಂತ ಹೆಚ್ಚು ಕಾಲು ಇಡಬಾರದು, ಮುಗಿದ ಮೇಲೆ ಎರಡು ನಿಮಿಷ ನ್ಯೂಟ್ರಲ್‌ನಲ್ಲಿ ಬಿಡಬೇಕು. ಆರ್‌ಪಿಎಂ ಮ್ಯಾನ್ಯುಯಲ್‌ಗಿಂತ ತೀರ ಕಡಿಮೆ ಬಂದರೆ ಸ್ಟೇಟರ್ ಅಥವಾ ಎಂಜಿನ್ನೇ ಸೋತಿದೆ, ಹೆಚ್ಚು ಬಂದರೆ ಗೇರ್‌ಬಾಕ್ಸ್ ಕ್ಲಚ್ಚುಗಳು ಜಾರುತ್ತಿವೆ. ಪದೇಪದೇ ಮಾಡಿ ತೋರಿಸುವ ಆಟವಲ್ಲ ಇದು, ಎಣ್ಣೆ ಸುಡುತ್ತದೆ.

ನಡುಕ ಈಗಷ್ಟೇ ಶುರುವಾಗಿದ್ದು, ಎಣ್ಣೆ ಕಪ್ಪಾಗದೆ ಸುಟ್ಟ ವಾಸನೆಯೂ ಇಲ್ಲದಿದ್ದರೆ ಇವರು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ) ಬದಲಿಸಿ ವಾಪಸ್ ಕಳಿಸುತ್ತಾರೆ. ದೊಡ್ಡ ಬಿಲ್ಲು ತಾನಾಗಿ ಕೈಬಿಡುವ ಗ್ಯಾರೇಜು ಅಪರೂಪ. ಒಮ್ಮೆ ಡ್ರೈನ್ ಮಾಡಿದರೆ ಸಾಧಾರಣವಾಗಿ 3-4 ಲೀಟರ್ ಮಾತ್ರ ಇಳಿಯುತ್ತದೆ, ಉಳಿದದ್ದು ಹೆಚ್ಚಾಗಿ ಕನ್ವರ್ಟರ್‌ನಲ್ಲೇ ಇರುತ್ತದೆ. ಅದಕ್ಕೇ ನಡುವೆ ಗಾಡಿ ಓಡಿಸುತ್ತ ಎರಡು ಮೂರು ಸಲ ಬದಲಿಸಬೇಕು. ಎಣ್ಣೆ ತಯಾರಕರು ಹೇಳಿದ ದರ್ಜೆಯದೇ ಆಗಿರಲಿ. ಒಂದೇ ಡ್ರಮ್ಮಿನಿಂದ ಎಲ್ಲ ಗಾಡಿಗೂ ಸುರಿಯುವ ಚಟವೇ ಎಷ್ಟೋ ನಡುಕಗಳ ಮೂಲ.

ಕೊಯ್ಯಲೇಬೇಕಾದಾಗ ಲೇತ್ ಮೇಲೆ ಹಳೆಯ ಬೆಸುಗೆಯನ್ನಷ್ಟೇ ಸವರಿ ತೆಗೆಯುತ್ತಾರೆ. ಲಾಕಪ್ ಲೈನಿಂಗ್, ಥ್ರಸ್ಟ್ ಬೇರಿಂಗ್‌ಗಳು, ಓ-ರಿಂಗ್, ಸೀಲುಗಳು ಕಡ್ಡಾಯವಾಗಿ ಹೊಸವು. ಸ್ಟೇಟರ್ ಕ್ಲಚ್ ಬದಲಿಸಬೇಕೇ ಎಂಬುದು ಮಾತ್ರ ನೋಡಿ ನಿರ್ಧಾರ. ಬೆಸೆದ ಮೇಲೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಸೋರಿಕೆ ನೋಡುತ್ತಾರೆ, ಪಂಪಿನೊಳಗೆ ಕೂರುವ ಕನ್ವರ್ಟರ್ ಕುತ್ತಿಗೆಯ (ಹಬ್) ಓಲಾಟವನ್ನು ಡಯಲ್ ಗೇಜ್‌ನಲ್ಲಿ ಅಳೆಯುತ್ತಾರೆ. 0.25 ಮಿ.ಮೀ. ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ಹೆಚ್ಚಾದರೆ ಪಂಪಿನ ಬುಷ್, ಮುಂದಿನ ಸೀಲು ಬೇಗ ಹೋಗುತ್ತವೆ. ಬ್ಯಾಲೆನ್ಸಿಂಗ್ ಇಲ್ಲೇ ಆಗುವುದಿಲ್ಲ, ಬೇರೆ ಕಡೆ ಕಳಿಸುತ್ತಾರೆ, ಒಂದು ದಿನ ಜಾಸ್ತಿ ಹಿಡಿಯುತ್ತದೆ. ಅವಸರ ಮಾಡಿ ಅದನ್ನು ಬಿಡಿಸಬೇಡಿ.

ಕೊರತೆ ಇರುವುದು ಗೇರ್‌ಬಾಕ್ಸ್ ಎಣ್ಣೆ ತಣಿಸುವ ಕೂಲರ್‌ನಲ್ಲಿ. ಲೈನಿಂಗ್ ಸವೆದ ಪುಡಿಯೆಲ್ಲ ಕೂಲರ್ ಮತ್ತು ಪೈಪುಗಳಲ್ಲಿ ಕೂತಿರುತ್ತದೆ. ತೊಳೆಯದೆ ಜೋಡಿಸಿದರೆ ಅದೇ ಪುಡಿ ಹೊಸ ಕನ್ವರ್ಟರ್‌ಗೂ ವಾಲ್ವ್ ಬಾಡಿಗೂ ಬರುತ್ತದೆ. ಇವರ ಅಂದಾಜು ಪಟ್ಟಿಯಲ್ಲಿ ಅದು ಇರುವುದಿಲ್ಲ, ಕೇಳಿದರೆ ಮಾತ್ರ ಮಾಡುತ್ತಾರೆ. ಗೇರ್‌ಬಾಕ್ಸ್ ತಳದ ಎಣ್ಣೆಯ ಪ್ಯಾನ್ ಬಿಚ್ಚಿದಾಗ ಅದರ ಮ್ಯಾಗ್ನೆಟ್ ಮೇಲೆ ಹೊಳೆಯುವ ಚೂರುಗಳಿದ್ದರೆ ಕನ್ವರ್ಟರ್ ಒಂದರಿಂದ ಮುಗಿಯುವ ಕೆಲಸವಲ್ಲ ಅದು. ಆ ಮ್ಯಾಗ್ನೆಟ್ಟನ್ನು ಒರೆಸುವ ಮೊದಲೇ ತೋರಿಸಲು ಹೇಳಿಡಿ.

ಜೋಡಣೆಯಲ್ಲಿ ಕೈ ಪಳಗಿದೆ. ಕನ್ವರ್ಟರ್‌ಗೆ ಮೊದಲೇ ಸುಮಾರು ಒಂದು ಲೀಟರ್ ಎಟಿಎಫ್ ಹಾಕಿ, ತಿರುಗಿಸುತ್ತ ಒತ್ತಿ, ಪಂಪಿನ ಹಲ್ಲಿಗೆ ಕೂತ ‘ಟಕ್’ ಕೇಳಿದ ಮೇಲೂ ಸ್ಕೇಲಿಟ್ಟು ಆಳ ಅಳೆಯುತ್ತಾರೆ. ಗೇರ್‌ಬಾಕ್ಸ್ ಎಂಜಿನ್ನಿಗೆ ಕೂತಾಗ ಫ್ಲೆಕ್ಸ್‌ಪ್ಲೇಟ್ (ಎಂಜಿನ್ ಕಡೆಯ ತೆಳು ತಟ್ಟೆ) ಮತ್ತು ಕನ್ವರ್ಟರ್ ನಡುವೆ ಕೆಲವು ಮಿ.ಮೀ. ಸಂದು ಉಳಿಯಲೇಬೇಕು. ಉಳಿಯದಿದ್ದರೂ ಬೋಲ್ಟ್ ಬಿಗಿದು ಎಳೆದರೆ ಪಂಪಿನ ಗೇರ್ ಒಡೆಯುತ್ತದೆ. ಫ್ಲೆಕ್ಸ್‌ಪ್ಲೇಟ್‌ನ ಬೋಲ್ಟ್ ತೂತುಗಳ ಸುತ್ತ ಬಿರುಕಿದೆಯೇ ಎಂದು ಈ ಹೊತ್ತಿನಲ್ಲೇ ನೋಡಿಸಿ.

ಬಿಲ್ಲಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ, ಕನ್ವರ್ಟರ್ ಕೆಲಸ, ಎಣ್ಣೆ ಬೇರೆಬೇರೆಯಾಗಿ ಬರೆಸಿಕೊಳ್ಳಿ, ಗ್ಯಾರಂಟಿ ಕೂಡ ಕಾಗದದ ಮೇಲೆ. ಸ್ಕ್ಯಾನರ್‌ನಿಂದ ಅಡಾಪ್ಟೇಶನ್ (ಗೇರ್‌ಬಾಕ್ಸ್ ಕಂಪ್ಯೂಟರ್ ಕಲಿತಿಟ್ಟ ಹಳೆಯ ಲೆಕ್ಕ) ರೀಸೆಟ್ ಮಾಡಿಸಿ, ವಂಟಮುರಿ ಘಾಟಿನವರೆಗೆ ಒಮ್ಮೆ ಓಡಿಸಿ. ಏರಿನಲ್ಲಿ ಲಾಕಪ್ ಹಿಡಿಯುವುದು ಬಿಡುವುದು ಎರಡೂ ಗೊತ್ತಾಗುತ್ತದೆ. ವಾಪಸ್ ಬಂದು ಕನ್ವರ್ಟರನ್ನು ಮುಚ್ಚಿರುವ ಬೆಲ್ ಹೌಸಿಂಗ್ ಕೆಳಗೆ ರಟ್ಟು ಹಾಸಿ ಅರ್ಧ ತಾಸು ನಿಲ್ಲಿಸಿ. ಒಂದು ಹನಿ ಬಿದ್ದಿದ್ದರೂ ಬಾಕಿ ಹಣ ಕೊಡುವ ಮೊದಲೇ ತೋರಿಸಿ.